ಕಾಲಿನ ಹೊಲಿಗೆ ಯಂತ್ರದ ಮರುಹುಟ್ಟು

ಮನೆಯಲ್ಲಿ ಮುಪ್ಪು ಬಂದ ಪದಾರ್ಥಗಳಿಗೆ ಸಾಮಾನ್ಯವಾಗಿ ಎರಡೇ ಗತಿ: ಒಂದು ಅಟ್ಟ, ಇನ್ನೊಂದು ಗುಜರಿ ಅಂಗಡಿ. ಕಾಲಿನಿಂದ ತುಳಿದು ನಡೆಸುವ ಹೊಲಿಗೆ ಯಂತ್ರಕ್ಕೆ ಮಾತ್ರ ಈಚಿನ ವರ್ಷಗಳಲ್ಲಿ ಮೂರನೆಯ ಗತಿಯೊಂದು ಒದಗಿದೆ. ಅದರ ತಲೆಯನ್ನು ಕಳಚಿ ತೂಕಕ್ಕೆ ಹಾಕಿ, ಬಳ್ಳಿಯ ಚಿತ್ತಾರವುಳ್ಳ ಎರಕದ ಕಬ್ಬಿಣದ ಕಾಲುಗಳ ಮೇಲೆ ಕಲ್ಲಿನ ಹಲಗೆಯನ್ನು ಕೂರಿಸಿ, ಹೋಟೆಲುಗಳಲ್ಲಿ ಕಾಫಿ ಕುಡಿಯುವ ಮೇಜನ್ನಾಗಿ ಮಾಡುತ್ತಾರೆ. ಅದೇ ಕಾಲುಗಳ ಮೇಲೆ ಕೈ ತೊಳೆಯುವ ಬೇಸಿನ್ನನ್ನು ಇಡುವವರೂ ಉಂಟು. ನೋಟಕ್ಕೇನೋ ಅದು ಸೊಗಸೇ. ಆದರೆ ಕಾಲು ಉಳಿದು ತಲೆ ಹೋದಮೇಲೆ ಯಂತ್ರ ಉಳಿಯಿತೆಂದು ಹೇಳುವುದು ಹೇಗೆ?

ಇದಕ್ಕೆ ಎದುರಾದ ಉತ್ಸಾಹವೊಂದೂ ಇದೆ. ಪುರಾತನ ವಸ್ತುಗಳ ಮೋಹವುಳ್ಳ ಗೃಹಸ್ಥರು ಅಂಥ ಯಂತ್ರವೊಂದನ್ನು ದುಬಾರಿ ಬೆಲೆ ತೆತ್ತು ಮನೆಗೆ ತರುತ್ತಾರೆ. ಉಪ್ಪುಕಾಗದದಿಂದ ಅದರ ಮೈಯನ್ನು ಉಜ್ಜಿಸುತ್ತಾರೆ, ಕಪ್ಪು ಬಣ್ಣವನ್ನು ಬಳಿಸುತ್ತಾರೆ, ಕಾಲುಗಳಿಗೆ ಚಿನ್ನದ ಬಣ್ಣವನ್ನು ಹಚ್ಚಿಸಿ ಹಜಾರದ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಬಂದವರೆಲ್ಲ ಕೊಂಡಾಡುತ್ತಾರೆ. ಯಂತ್ರ ಮಾತ್ರ ಹೊಲಿಯುವುದಿಲ್ಲ. ನೂರು ವರ್ಷದ ದುಡಿತವನ್ನು ತಾಳಿಕೊಂಡ ವಸ್ತು ಒಂದು ವಾರದ ಮುದ್ದನ್ನು ತಾಳಲಾರದೆ ಹೋಗುತ್ತದೆ. ಹಳೆಯ ಹೊಲಿಗೆ ಯಂತ್ರವನ್ನು ಉಳಿಸುವುದೆಂದರೆ ಅದನ್ನು ಹೊಸದರಂತೆ ಹೊಳೆಯಿಸುವುದಲ್ಲ. ಅದು ಮತ್ತೆ ಹೊಲಿಯುವಂತೆ ಮಾಡುವುದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡವರು ಕೊಳ್ಳುವಾಗಲೂ ಮೋಸಹೋಗರು, ದುರಸ್ತಿಯಲ್ಲೂ ಎಡವರು.

ಒಂದು ಅಂಗಿಗೆ ಹದಿನಾಲ್ಕು ಗಂಟೆ

ಈ ಯಂತ್ರದ ಬೆಲೆ ತಿಳಿಯಬೇಕಾದರೆ ಅದಿಲ್ಲದ ಕಾಲವನ್ನು ನೆನೆಯಬೇಕು. ಅಮೆರಿಕದ ವೀಲರ್ ಅಂಡ್ ವಿಲ್ಸನ್ ಎಂಬ ಯಂತ್ರ ತಯಾರಕರು 1861ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಅದರಂತೆ ಗಂಡಸರ ಒಂದು ಅಂಗಿಯನ್ನು ಕೈಯಲ್ಲಿ ಹೊಲಿಯಲು 14 ಗಂಟೆ 26 ನಿಮಿಷ ಬೇಕು; ಯಂತ್ರದಲ್ಲಿ 1 ಗಂಟೆ 16 ನಿಮಿಷ ಸಾಕು. ತಮ್ಮ ಸರಕನ್ನು ಮಾರುವವರ ಲೆಕ್ಕವೆಂದು ಸ್ವಲ್ಪ ಕಡಿತ ಮಾಡಿದರೂ ವ್ಯತ್ಯಾಸ ಸಣ್ಣದಲ್ಲ. ಬೆಳಗಿನಿಂದ ದೀಪ ಹಚ್ಚುವವರೆಗೆ ಕುಳಿತು ಮಾಡುವ ಕೆಲಸ ಅಡಿಗೆ ಒಲೆಯ ಮೇಲಿರುವಷ್ಟರಲ್ಲಿ ಮುಗಿಯುವಂತಾಯಿತು.

ಹೀಗೆ ಮುಗಿಸಬಲ್ಲ ಯಂತ್ರ ಎಲ್ಲರಿಗೂ ಪ್ರಿಯವಾಗಿತ್ತೆಂದು ಭಾವಿಸಬಾರದು. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ಹೊಲಿಗೆ ಯಂತ್ರವೊಂದಕ್ಕೆ ಪೇಟೆಂಟ್ ಪಡೆದು, ಸೈನಿಕರ ಸಮವಸ್ತ್ರಗಳನ್ನು ಹೊಲಿಯಲು ಪ್ಯಾರಿಸಿನಲ್ಲಿ ಕಾರ್ಖಾನೆ ಹೂಡಿದ. 1831ರಲ್ಲಿ ಅಲ್ಲಿನ ದರ್ಜಿಗಳೇ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ತಮ್ಮ ಅನ್ನಕ್ಕೆ ಅದು ಕುತ್ತು ತರುವುದೆಂದು ಅವರ ಭಯ. ತಿಮೊನಿಯೆ 1857ರಲ್ಲಿ ಬಡತನದಲ್ಲಿಯೇ ತೀರಿಕೊಂಡ. ಅಮೆರಿಕದ ವಾಲ್ಟರ್ ಹಂಟ್ ಎಂಬಾತ 1830ರ ದಶಕದಲ್ಲಿಯೇ ತುದಿಯಲ್ಲಿ ಕಣ್ಣುಳ್ಳ ಸೂಜಿಯ ಯಂತ್ರವನ್ನು ಕಟ್ಟಿದ್ದ, ಆದರೆ ಆಗ ಪೇಟೆಂಟ್ ಪಡೆಯಲಿಲ್ಲ. ಆ ಭಾಗ್ಯ 1846ರಲ್ಲಿ ಇಲಿಯಾಸ್ ಹೋವ್‌ಗೆ ದೊರೆಯಿತು.

ಸೂಜಿಯ ಕಣ್ಣು ಹಿಂದಿನಿಂದ ತುದಿಗೆ ಬಂದದ್ದೇ ಇಲ್ಲಿನ ದೊಡ್ಡ ಹೆಜ್ಜೆ. ಕೈಯಲ್ಲಿ ಹೊಲಿಯುವಾಗ ಸೂಜಿ ಬಟ್ಟೆಯನ್ನು ಪೂರ್ತಿಯಾಗಿ ದಾಟಿ ಹೋಗುತ್ತದೆ. ಯಂತ್ರದ ಸೂಜಿ ದಾಟುವುದಿಲ್ಲ. ದಾರವನ್ನು ಬಟ್ಟೆಯ ಕೆಳಗೆ ಒಯ್ದು, ಮೇಲೇಳುವಾಗ ಅಲ್ಲೊಂದು ಸಣ್ಣ ಕುಣಿಕೆಯನ್ನು ಬಿಡುತ್ತದೆ. ಆ ಕುಣಿಕೆಯೊಳಗೆ ಎರಡನೆಯ ದಾರವನ್ನು ಹೊತ್ತ ಶಟಲ್ ನುಸುಳಿ ಹೋಗುತ್ತದೆ. ನೇಕಾರರ ಮಗ್ಗದ ಲಾಳಿಯನ್ನು ಕಂಡವರಿಗೆ ಈ ಆಟ ಸುಲಭವಾಗಿ ಅರ್ಥವಾಗುತ್ತದೆ. ಇದೂ ಒಂದು ಪುಟ್ಟ ಲಾಳಿಯೇ. ಮೇಲಿನ ದಾರ, ಕೆಳಗಿನ ದಾರ ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ.

ಹೋವ್‌ನ ಯಂತ್ರದಲ್ಲಿ ಬಟ್ಟೆಯನ್ನು ಮುಳ್ಳುಗಳಿಗೆ ಸಿಕ್ಕಿಸಿ ನೇತುಹಾಕಬೇಕಿತ್ತು. ಐಸಾಕ್ ಮೆರಿಟ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಬಟ್ಟೆ ಹಲಗೆಯ ಮೇಲೆ ಮಲಗಿತು. ಸೂಜಿ ನೆಟ್ಟಗೆ ಮೇಲಿಂದ ಕೆಳಕ್ಕೆ ಇಳಿಯಿತು. ಯಂತ್ರವನ್ನು ಸಾಗಿಸಲು ಬಳಸಿದ ಮರದ ಪೆಟ್ಟಿಗೆಯನ್ನೇ ಆತ ಮೇಜನ್ನಾಗಿ ಮಾಡಿ, ಅದಕ್ಕೆ ಕಾಲಿನಿಂದ ತುಳಿಯುವ ಪೆಡಲನ್ನು ಹೊಂದಿಸಿದ. ಇಂದಿಗೂ ಹಳ್ಳಿ ಪಟ್ಟಣಗಳಲ್ಲಿ ದರ್ಜಿಗಳು ತುಳಿಯುತ್ತಿರುವ ಪೆಡಲಿನ ವಂಶದ ಮೂಲಪುರುಷ ಆ ಪೆಟ್ಟಿಗೆ. ಯಂತ್ರದ ಬೆಲೆ ಸಾಮಾನ್ಯ ಸಂಸಾರಕ್ಕೆ ಎಟುಕದಷ್ಟಿದ್ದುದರಿಂದ ಸಿಂಗರ್ ಕಂಪನಿ 1856ರಲ್ಲಿ ಕಂತಿನ ಮೇಲೆ ಮಾರುವ ಪದ್ಧತಿಯನ್ನು ತಂದಿತು. ಮನೆಗೆ ಬೇಕಾದ ವಸ್ತುವನ್ನು ಸಾಲದಲ್ಲಿ ತಂದು, ಅದರ ದುಡಿಮೆಯಿಂದಲೇ ಸಾಲ ತೀರಿಸುವ ದಾರಿ ಅನೇಕ ಹೆಂಗಸರಿಗೆ ಹೀಗೆ ತೆರೆಯಿತು.

ಪಿಟೀಲಿನಂಥ ಪೀಠ

1865ರಲ್ಲಿ ಸಿಂಗರ್ ಕಂಪನಿ ಮನೆಬಳಕೆಗೆಂದು ‘ನ್ಯೂ ಫ್ಯಾಮಿಲಿ’ ಎಂಬ ಯಂತ್ರವನ್ನು ಹೊರತಂದಿತು. ಮುಂದೆ 12ನೇ ಮಾದರಿ ಎಂದು ಹೆಸರಾದದ್ದು ಇದೇ. ಇದರ ಪೀಠ ಆಯತಾಕಾರದ್ದಲ್ಲ. ನಡುವಿನಲ್ಲಿ ಸಣ್ಣಗಾಗಿ ಎರಡು ಕಡೆ ಅಗಲವಾಗುತ್ತ, ಪಿಟೀಲನ್ನು ಮಲಗಿಸಿದಂತೆ ಕಾಣುತ್ತದೆ. ಕಪ್ಪು ಮೈಯ ಮೇಲೆ ಚಿನ್ನದ ಬಣ್ಣದ ಚಿತ್ತಾರ, ಕೆಳಗೆ ದೋಣಿಯಾಕಾರದ ಶಟಲ್. ಪುರಾತನ ಹೊಲಿಗೆ ಯಂತ್ರಗಳನ್ನು ಸಂಗ್ರಹಿಸುವವರಿಗೆ ಇಂಥದೊಂದು ಪೂರ್ಣಾಂಗವಾಗಿ, ಮೂಲದ ಕಾಲುಸ್ಟ್ಯಾಂಡಿನೊಡನೆ ಸಿಕ್ಕುವುದು ಭಾಗ್ಯವೇ ಸರಿ.

ಆದರೆ ಹಳೆಯದೆಲ್ಲ ಅಪರೂಪವಲ್ಲ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬಲ್ಲಿ 1885ರಲ್ಲಿ ಆರಂಭವಾದ ಸಿಂಗರ್ ಕಾರ್ಖಾನೆಯೊಂದರಿಂದಲೇ 1913ರ ಒಂದು ವರ್ಷದಲ್ಲಿ 13 ಲಕ್ಷಕ್ಕೂ ಮಿಕ್ಕಿ ಯಂತ್ರಗಳು ಹೊರಬಿದ್ದವು. ಹೀಗೆ ರಾಶಿಗಟ್ಟಲೆ ಹುಟ್ಟಿದ ಯಂತ್ರಗಳಲ್ಲಿ ಒಂದನ್ನು ತೋರಿಸಿ ‘ಜಗತ್ತಿನಲ್ಲಿ ಇಂಥದು ಇದೊಂದೇ’ ಎನ್ನುವ ವ್ಯಾಪಾರಿಯ ಮಾತಿಗೆ ಮುಗುಳ್ನಗೆಯೇ ಉತ್ತರ.

ವಯಸ್ಸನ್ನು ಹೇಳುವುದು ವ್ಯಾಪಾರಿಯಲ್ಲ, ಯಂತ್ರದ ಪೀಠದ ಮೇಲೆ ಒತ್ತಿರುವ ಸಂಖ್ಯೆ. 1900ಕ್ಕೆ ಹಿಂದಿನ ಸಿಂಗರ್ ಯಂತ್ರಗಳಲ್ಲಿ ಬರೀ ಅಂಕಿಗಳಿರುತ್ತವೆ. ಆಮೇಲಿನವುಗಳಲ್ಲಿ ಅಂಕಿಯ ಮುಂದೆ ಇಂಗ್ಲಿಷ್ ಅಕ್ಷರ ಸೇರಿತು. ‘ಎಫ್’ ಅಕ್ಷರವಿದ್ದರೆ 1910ರಿಂದ 1921ರ ನಡುವೆ, ‘ವೈ’ ಇದ್ದರೆ 1921ರಿಂದ 1935ರ ನಡುವೆ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದದ್ದೆಂದು ತಿಳಿಯಬಹುದು. ಪಟ್ಟಿಯನ್ನು ಹೋಲಿಸಿ ನೋಡಿದರೆ ಹುಟ್ಟಿದ ವರ್ಷವೇ ಗೊತ್ತಾಗುತ್ತದೆ. ಜಾತಕ ನೋಡದೆ ಸಂಬಂಧ ಬೆಳೆಸದ ಮನೆತನಗಳು ಈ ಜಾತಕವನ್ನೂ ನೋಡಿಯೇ ಹಣ ಕೊಡುವುದು ಕ್ಷೇಮ.

ಕಿವಿಗೆ ಬಿದ್ದ ಸುದ್ದಿಯನ್ನು ನಂಬಿ ಹಣ ಚೆಲ್ಲಿದವರ ಕಥೆಯೊಂದು ಸೌದಿ ಅರೇಬಿಯಾದಲ್ಲಿ ನಡೆಯಿತು. 2009ರ ಏಪ್ರಿಲ್ ತಿಂಗಳಲ್ಲಿ, ಹಳೆಯ ಸಿಂಗರ್ ಯಂತ್ರಗಳೊಳಗೆ ‘ಕೆಂಪು ಪಾದರಸ’ ಎಂಬ ಅಮೂಲ್ಯ ದ್ರವ್ಯವಿದೆಯೆಂಬ ವದಂತಿ ಅಲ್ಲಿ ಹಬ್ಬಿತು. ಮೊಬೈಲ್ ಫೋನನ್ನು ಸೂಜಿಯ ಬಳಿ ಹಿಡಿದಾಗ ಕರೆ ಕಡಿದುಹೋದರೆ ಪಾದರಸ ಇದೆಯೆಂದು ಪರೀಕ್ಷೆ! ಮೂಲೆಗೆ ಬಿದ್ದಿದ್ದ ಯಂತ್ರಗಳಿಗೆ ಸಾವಿರಾರು ರಿಯಾಲುಗಳ ಬೆಲೆ ಏರಿತು. ಅಂಥ ದ್ರವ್ಯ ಯಾವ ಹೊಲಿಗೆ ಯಂತ್ರದಲ್ಲೂ ಇರಲಿಲ್ಲ. ಅದರೊಳಗಿದ್ದದ್ದು ಕಬ್ಬಿಣ, ಉಕ್ಕು ಮತ್ತು ಒಣಗಿದ ಎಣ್ಣೆ.

ಕೊಳ್ಳುವ ಮುನ್ನ

ಬೆಂಗಳೂರಿನ ಭಾನುವಾರದ ಬಜಾರಿನಲ್ಲಾಗಲಿ, ಮುಂಬಯಿಯ ಚೋರ್ ಬಜಾರಿನಲ್ಲಾಗಲಿ, ನೆಂಟರ ಮನೆಯ ಹಿತ್ತಲಿನಲ್ಲಾಗಲಿ ಹಳೆಯ ಯಂತ್ರವೊಂದು ಕಣ್ಣಿಗೆ ಬಿದ್ದಾಗ ನೋಡಬೇಕಾದದ್ದು ಹೊಳಪನ್ನಲ್ಲ. ಮೊದಲು ಕೈಚಕ್ರವನ್ನು ತನ್ನ ಕಡೆಗೆ ಮೆಲ್ಲಗೆ ತಿರುಗಿಸಿ ನೋಡಬೇಕು. ಸಿಂಗರ್ ಯಂತ್ರದ ಚಕ್ರ ಹೊಲಿಯುವವರ ಕಡೆಗೆ ತಿರುಗುತ್ತದೆ. ಮೇಲೆ ಹೇಳಿದ ವೀಲರ್ ಅಂಡ್ ವಿಲ್ಸನ್ನರ ಯಂತ್ರಗಳಲ್ಲಿ ಅದು ಆಚೆ ಕಡೆಗೆ. ಚಕ್ರ ಬಿಗಿಯಾಗಿ ಕುಳಿತಿದ್ದರೆ ಅದೇ ಕಾರಣಕ್ಕೆ ತಿರಸ್ಕರಿಸಬೇಕಾಗಿಲ್ಲ. ಎರಕದ ಮೈಯಲ್ಲಿ ಎಲ್ಲಿಯಾದರೂ ಬಿರುಕಿದೆಯೇ, ಕಾಲುಸ್ಟ್ಯಾಂಡು ಒಡೆದು ಬೆಸುಗೆ ಕಂಡಿದೆಯೇ ಎಂಬುದು ಹೆಚ್ಚು ಮುಖ್ಯ. ಬಿಗಿತವನ್ನು ಎಣ್ಣೆ ಬಿಡಿಸುತ್ತದೆ. ಬಿರುಕನ್ನು ಯಾವ ಎಣ್ಣೆಯೂ ಕೂಡಿಸದು.

ಎರಡನೆಯದಾಗಿ, ಪೀಠದ ಮೇಲೆ ಜಾರುವ ಲೋಹದ ತಟ್ಟೆಗಳನ್ನು ಸರಿಸಿ ಒಳಗೆ ನೋಡಬೇಕು. ಶಟಲ್ ಅಲ್ಲಿದೆಯೇ? ಅದರೊಳಗೆ ಉದ್ದನೆಯ ಬಾಬಿನ್ ಇದೆಯೇ? ಹಳೆಯ ಯಂತ್ರಗಳು ಕೈಯಿಂದ ಕೈಗೆ ಹೋಗುವಾಗ ಕಳೆದುಹೋಗುವುದು ಈ ಪುಟ್ಟ ಅಂಗಗಳೇ. ಹತ್ತು ಕಿಲೋಗ್ರಾಮಿಗೂ ಮಿಕ್ಕ ತಲೆ ಎಲ್ಲಿಗೂ ಓಡಿಹೋಗುವುದಿಲ್ಲ. ಬೆರಳುದ್ದದ ಶಟಲ್ ಇಲ್ಲವಾದರೆ ಆ ಭಾರವೆಲ್ಲ ವ್ಯರ್ಥ.

ಮೂರನೆಯದು ಸೂಜಿ. ನ್ಯೂ ಫ್ಯಾಮಿಲಿ ಯಂತ್ರಕ್ಕೆ 12×1 ಎಂಬ ಹಳೆಯ ಅಳತೆಯ ಸೂಜಿ ಬೇಕು. ಅದು ಈಗಿನ ಅಂಗಡಿಗಳಲ್ಲಿ ಸಿಕ್ಕುವಂಥದಲ್ಲ. ಸಂಗ್ರಾಹಕರಿಂದ ಹುಡುಕಿ ತರಬೇಕು. ಆದಕಾರಣ ಆ ಮಾದರಿಯನ್ನು ಕೊಳ್ಳುವವರು ಅದರೊಡನೆ ಇರುವ ಸೂಜಿಗಳನ್ನು, ಡಬ್ಬಿಯ ತಳದಲ್ಲಿ ತುಕ್ಕಿನ ನಡುವೆ ಬಿದ್ದಿದ್ದರೂ, ಕೇಳಿ ಪಡೆಯಬೇಕು. 1880ರ ದಶಕದ ತರುವಾಯ ಬಂದ, ಗುಂಡಿನಾಕಾರದ ಉದ್ದ ಶಟಲ್ ತೂಗಾಡುವ 27 ಮತ್ತು 28ನೇ ಮಾದರಿಗಳು 15×1 ಎಂಬ ಸೂಜಿಯಲ್ಲಿ ಹೊಲಿಯುತ್ತವೆ. ಇಂದಿನ ಮನೆಬಳಕೆಯ ಯಂತ್ರಗಳಿಗೆ ಎಲ್ಲ ಅಂಗಡಿಗಳಲ್ಲೂ ದೊರೆಯುವ ಸೂಜಿ ಇದೇ. ಅಪರೂಪದ ಹೆಮ್ಮೆಗಿಂತ ದಿನದ ಹೊಲಿಗೆ ಬೇಕೆನ್ನುವ ಸಂಸಾರಕ್ಕೆ ಈ ಮಾದರಿಗಳೇ ಲೇಸು.

ಎಣ್ಣೆ ಮತ್ತು ತಾಳ್ಮೆ

ಯಂತ್ರ ಮನೆಗೆ ಬಂದಿತು. ಈಗ ಮೊದಲ ಕೆಲಸ ಏನನ್ನೂ ಬಿಚ್ಚದಿರುವುದು. ಅದರ ಎಲ್ಲ ಮಗ್ಗುಲುಗಳ ಚಿತ್ರಗಳನ್ನು ತೆಗೆದಿಟ್ಟುಕೊಂಡರೆ, ಬಿಚ್ಚಿದ ತಿರುಪು ಯಾವ ತೂತಿನದೆಂಬ ಚಿಂತೆ ಆಮೇಲೆ ಕಾಡುವುದಿಲ್ಲ. ಬಿಚ್ಚಿದ್ದನ್ನೆಲ್ಲ ಒಂದೇ ಬಟ್ಟಲಿಗೆ ಸುರಿಯದೆ, ಒಂದೊಂದು ಭಾಗದ್ದನ್ನು ಒಂದೊಂದು ಪೊಟ್ಟಣದಲ್ಲಿ ಕಟ್ಟಿ ಹೆಸರು ಬರೆದಿಡಬೇಕು.

ತಿರುಗದೆ ಕುಳಿತ ಯಂತ್ರಕ್ಕೆ ತುಕ್ಕು ಹಿಡಿದಿದೆಯೆಂದು ನೋಡಿದವರೆಲ್ಲ ಹೇಳುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಅಪರಾಧಿ ತುಕ್ಕಲ್ಲ, ಎಣ್ಣೆ. ಯಂತ್ರಕ್ಕೆಂದೇ ಇರುವ ತೆಳು ಎಣ್ಣೆ ಮುಗಿದ ದಿನ, ಅಡಿಗೆಮನೆಯಿಂದ ಕೊಬ್ಬರಿ ಎಣ್ಣೆಯ ನಾಲ್ಕು ತೊಟ್ಟನ್ನು ತಂದು ಬಿಟ್ಟ ಮನೆಗಳು ನಮ್ಮ ನಾಡಿನಲ್ಲಿ ಕಡಿಮೆಯಲ್ಲ. ಆ ದಿನ ಯಂತ್ರ ಓಡಿತು. ಆದರೆ ಅಡಿಗೆಯ ಎಣ್ಣೆ ಕಾಲಕ್ರಮದಲ್ಲಿ ಗಾಳಿ ಧೂಳುಗಳೊಡನೆ ಬೆರೆತು ಅಂಟಾಗಿ, ಕೊನೆಗೆ ಗಟ್ಟಿಯಾಗಿ, ಕೀಲುಗಳನ್ನು ಬೆಸೆದಂತೆ ಹಿಡಿಯುತ್ತದೆ. ಇದನ್ನು ಬಿಡಿಸಲು ಸುತ್ತಿಗೆ ಬೇಡ, ಇಕ್ಕಳವೂ ಬೇಡ. ಎಣ್ಣೆಯ ತೂತುಗಳಲ್ಲಿಯೂ, ಲೋಹ ಲೋಹವನ್ನು ಉಜ್ಜುವ ಕಡೆಯಲ್ಲಿಯೂ ಸ್ವಲ್ಪ ಸೀಮೆಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಟ್ಟು ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಚಕ್ರವನ್ನು ಹಿಂದಕ್ಕೆ ಮುಂದಕ್ಕೆ ಕೂದಲೆಳೆಯಷ್ಟು ಅಲುಗಿಸಬೇಕು. ಅಲುಗದಿದ್ದರೆ ಮತ್ತೊಂದು ರಾತ್ರಿ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಕೀಲಿನ ಮೇಲೆ ಹಾಯಿಸಿದರೂ ಅಂಟು ಕರಗುತ್ತದೆ. ಇದೆಲ್ಲ ಬೆಂಕಿಯಿಂದ ದೂರದಲ್ಲಿ, ಗಾಳಿಯಾಡುವ ಕಡೆ ನಡೆಯಬೇಕು. ಸೀಮೆಎಣ್ಣೆ ಹಾಕಿದ ದಿನ ಬಿಸಿಗಾಳಿಯ ಗೋಜಿಗೆ ಹೋಗಲೇಬಾರದು. ಒಂದು ವಾರದಲ್ಲಿ ಬಿಡದ ಕೀಲು ಎರಡನೆಯ ವಾರದಲ್ಲಿ ಬಿಟ್ಟೀತು. ಅವಸರದಿಂದ ಮುರಿದ ಕೀಲು ಮಾತ್ರ ಮತ್ತೆ ಬಾರದು.

ಚಕ್ರ ತಿರುಗಿದ ಮೇಲೆ ಸೀಮೆಎಣ್ಣೆಯನ್ನು ಒರೆಸಿ ತೆಗೆದು, ಹೊಲಿಗೆ ಯಂತ್ರದ ಶುದ್ಧವಾದ ಎಣ್ಣೆಯನ್ನು ಕೊಡಬೇಕು. ಸೀಮೆಎಣ್ಣೆ ಕೊಳೆಯನ್ನು ಕರಗಿಸುತ್ತದೆಯೇ ಹೊರತು ಕೀಲನ್ನು ಸವೆತದಿಂದ ಕಾಯುವುದಿಲ್ಲ. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ನಡುವೆ ಎಷ್ಟೋ ವರ್ಷಗಳ ನೂಲಿನ ಹೊಟ್ಟು ಮಣೆಯಂತೆ ಗಟ್ಟಿಯಾಗಿರುತ್ತದೆ. ಅದನ್ನು ಕಡ್ಡಿಯಿಂದ ಕೆರೆದು ತೆಗೆಯಬೇಕು. ಶಟಲಿನ ಮೈಮೇಲಿನ ತೆಳು ಪಟ್ಟಿಯ ಅಡಿಯಲ್ಲಿ ದಾರದ ಒಂದು ಎಳೆ ಸಿಕ್ಕಿಕೊಂಡಿದ್ದರೂ ಹೊಲಿಗೆ ಸಡಿಲವಾಗುತ್ತದೆ. ಯಂತ್ರ ಕೆಟ್ಟಿದೆಯೆಂದು ದೂರುವ ಮುನ್ನ ಅಲ್ಲಿ ನೋಡುವುದು ಲೇಸು.

ಚಿನ್ನದ ಗೆರೆಗಳು

ಈ ಯಂತ್ರಗಳ ಸೌಂದರ್ಯವೆಲ್ಲ ಕಪ್ಪು ಮೈಯ ಮೇಲಿನ ಚಿನ್ನದ ಚಿತ್ತಾರದಲ್ಲಿದೆ. ಅದು ಕೈಯಿಂದ ಬರೆದದ್ದಲ್ಲ. ತೆಳುವಾದ ಹಾಳೆಯಿಂದ ಮೈಗೆ ಅಂಟಿಸಿ, ಮೇಲೆ ಅರಗಿನ ಮೆರುಗನ್ನು ಹಚ್ಚಿ ಕಾಪಾಡಿದ್ದು. ಅರಗನ್ನು ಕರಗಿಸುವ ವಸ್ತು ಸ್ಪಿರಿಟ್ಟು. ಕೊಳೆ ಬೇಗ ಹೋಗಲೆಂದು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದವರು ಕೊಳೆಯೊಡನೆ ಮೆರುಗನ್ನೂ, ಮೆರುಗಿನೊಡನೆ ಚಿನ್ನವನ್ನೂ ಒರೆಸಿ ತೆಗೆಯುತ್ತಾರೆ. ಗಾಜು ಒರೆಸುವ ಅಮೋನಿಯಾ ಬೆರೆಸಿದ ದ್ರಾವಣವೂ ಇಷ್ಟೇ ಅಪಾಯಕರ. ಹೊಲಿಗೆ ಯಂತ್ರದ ಎಣ್ಣೆಯನ್ನೇ ಹತ್ತಿಗೆ ತಾಗಿಸಿ, ಚಿತ್ತಾರವಿಲ್ಲದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಹಸುಗೂಸಿನ ಮೈ ಒರೆಸುವಂತೆ ಒರೆಸಿದರೆ ಕಂದು ಬಣ್ಣದ ಕೊಳೆ ಹತ್ತಿಗೆ ಬರುತ್ತದೆ, ಚಿನ್ನ ಯಂತ್ರದಲ್ಲಿಯೇ ಉಳಿಯುತ್ತದೆ.

ಬಟ್ಟೆ ಹಾದುಹೋಗುವ ಜಾಗದಲ್ಲಿ ಚಿತ್ತಾರ ಸವೆದು ಕಪ್ಪು ಕಾಣುವುದು ಸಹಜ. ಅಲ್ಲಿ ಹೊಸ ಚಿತ್ತಾರವನ್ನು ಅಂಟಿಸಬೇಕೆಂಬ ಆಸೆಯನ್ನು ಗೆದ್ದವರೇ ಜಾಣರು. ಆ ಸವೆತ ಕಲೆಯಲ್ಲ, ಸಾಕ್ಷಿ. ಯಾರೋ ಒಬ್ಬಾಕೆಯ ಎಡಗೈ ಅಲ್ಲಿ ಕುಳಿತು ಲಂಗ, ರವಿಕೆ, ಮಕ್ಕಳ ಅಂಗಿಗಳನ್ನು ಎಷ್ಟೋ ವರ್ಷ ಮುಂದಕ್ಕೆ ನಡೆಸಿತೆಂಬುದಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಮತ್ತೊಂದಿಲ್ಲ.

ಮರದ ಹಲಗೆಯ ವಿಷಯದಲ್ಲಿಯೂ ಇದೇ ನೀತಿ. ಗೆದ್ದಲು ತಿಂದ ಭಾಗವನ್ನು ಬದಲಾಯಿಸಲೇಬೇಕು. ಲೋಟದ ಉಂಗುರದ ಗುರುತು, ಕತ್ತರಿಯ ಗೀರು ಉಳಿದರೆ ಕೊರತೆಯಿಲ್ಲ. ಹಳೆಯ ಹಲಗೆಗಳಿಗೆ ಕೊಟ್ಟ ಪಾಲಿಶ್ ಕೂಡ ಅರಗಿನದೇ. ಆ ಅರಗನ್ನು ಜಗತ್ತಿಗೆ ಬಹುಮಟ್ಟಿಗೆ ಒದಗಿಸುತ್ತಿದ್ದುದು ಭಾರತದ ಕಾಡುಗಳು. ಆ ಹೊಳಪಿನ ಹಿಂದೆ ಇನ್ನೊಂದು ಕಥೆಯೂ ಇದೆ. 1911ರ ಮಾರ್ಚ್ ತಿಂಗಳಲ್ಲಿ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ಮರಕ್ಕೆ ಪಾಲಿಶ್ ಮಾಡುತ್ತಿದ್ದ ಹೆಂಗಸರ ತಂಡದಿಂದ ಮೂವರನ್ನು ತೆಗೆದು, ಹದಿನೈದು ಜನರ ಕೆಲಸವನ್ನು ಹನ್ನೆರಡು ಜನರ ಮೇಲೆ ಹೊರಿಸಲಾಯಿತು. ಆ ಹನ್ನೆರಡು ಮಂದಿ ಕೆಲಸ ಬಿಟ್ಟು ಹೊರನಡೆದರು. ಅವರ ಹಿಂದೆ ಕೆಲವೇ ದಿನಗಳಲ್ಲಿ ಸುಮಾರು ಹತ್ತು ಸಾವಿರ ಮಂದಿ ಹೊರಬಂದರು. ಮುಷ್ಕರ ಏಪ್ರಿಲ್ ತಿಂಗಳಲ್ಲಿ ಮುರಿದುಬಿತ್ತು. ಮುಂದಾಳುಗಳು ಕೆಲಸ ಕಳೆದುಕೊಂಡರು. ಮನೆಯ ಹೆಣ್ಣುಮಕ್ಕಳ ಶ್ರಮವನ್ನು ಇಳಿಸಲು ಹೊರಟ ಯಂತ್ರದ ಮೇಲೆ, ಅದನ್ನು ಹೊಳೆಯಿಸಿದ ಹೆಣ್ಣುಮಕ್ಕಳ ಶ್ರಮವೂ ಅಂಟಿಕೊಂಡಿದೆ. ಅಂಥ ಪಾಲಿಶನ್ನು ಉಪ್ಪುಕಾಗದದಿಂದ ಕೆರೆಯುವ ಮುನ್ನ ಕೈ ಒಂದು ಕ್ಷಣ ತಡೆದರೆ ತಪ್ಪೇನಿಲ್ಲ.

ಎರಡು ಕೈಗಳ ಬಿಡುಗಡೆ

ಇನ್ನು ಉಳಿದದ್ದು ಕೆಳಗಿನ ಕಾಲು ಪೆಡಲು. ಪೆಡಲಿನಿಂದ ದೊಡ್ಡ ಚಕ್ರಕ್ಕೆ ಹೋಗುವ ಕೋಲಿನ ಕೀಲು ಸಡಿಲವಿದ್ದರೆ ‘ಟಕ್ ಟಕ್’ ಎಂದು ಬಡಿಯುತ್ತದೆ. ಅತಿ ಬಿಗಿಯಾದರೆ ಕಾಲು ನೋಯುತ್ತದೆ. ಎರಡರ ನಡುವಿನ ಹದವನ್ನು ತಿರುಪಿನಿಂದ ಸರಿಮಾಡಿ, ಎಣ್ಣೆ ಕೊಡಬೇಕು. ಚಕ್ರವನ್ನು ಯಂತ್ರದ ತಲೆಗೆ ಕೂಡಿಸುವ ಚರ್ಮದ ಬೆಲ್ಟು ಒಣಗಿ ಜಾರುತ್ತಿದ್ದರೆ ಹೊಸದನ್ನು ಹಾಕುವುದೇ ಸರಿ. ಚರ್ಮ ಕೆಲವು ದಿನಗಳಲ್ಲಿ ಹಿಗ್ಗುವುದರಿಂದ ಹೊಸ ಬೆಲ್ಟನ್ನು ಕೊಂಚ ಬಿಗಿಯಾಗಿಯೇ ಕತ್ತರಿಸಬೇಕು. ಬೆಲ್ಟು, ಸೂಜಿ, ದಾರ ಇವು ಸವೆಯಲೆಂದೇ ಹುಟ್ಟಿದವು; ಇವನ್ನು ಬದಲಾಯಿಸಿದರೆ ಯಂತ್ರದ ಪ್ರಾಚೀನತೆಗೆ ಕುಂದಿಲ್ಲ. ಕಾಲಿನ ಶ್ರಮ ಉಳಿಯಲೆಂದು ಎರಕದ ಮೈಗೆ ತೂತು ಕೊರೆದು ಮೋಟಾರು ಕೂಡಿಸುವುದು ಮಾತ್ರ ಸಲ್ಲದು. ಆಮೇಲೆ ಬೇಡವೆನಿಸಿದರೆ ಮೋಟಾರನ್ನು ತೆಗೆಯಬಹುದು, ತೂತನ್ನು ತೆಗೆಯಲಾಗದು.

ತುಳಿಯುವುದಕ್ಕೂ ಅಭ್ಯಾಸ ಬೇಕು. ಒಂದು ಕಾಲಿನ ತುದಿ, ಇನ್ನೊಂದರ ಹಿಮ್ಮಡಿ ಪೆಡಲಿನ ಮೇಲಿರಲಿ. ಕೈಚಕ್ರವನ್ನು ತನ್ನ ಕಡೆಗೆ ತಿರುಗಿಸಿ ಚಲನೆ ಆರಂಭಿಸಿ, ಆಮೇಲೆ ಕಾಲು ಅದನ್ನು ಹಿಂಬಾಲಿಸಲಿ. ಹೊಸಬರ ಕಾಲು ಚಕ್ರವನ್ನು ಹಿಂದಕ್ಕೆ ಓಡಿಸಿ ದಾರವನ್ನು ಕಡಿಯುವುದು ವಾಡಿಕೆ. ದಾರವಿಲ್ಲದೆ, ಬರೀ ಕಾಗದದ ಮೇಲೆ ಎರಡು ಸಂಜೆ ಓಡಿಸಿದರೆ ಹದ ಸಿಕ್ಕುತ್ತದೆ. ಆಗ ಈ ಯಂತ್ರದ ನಿಜವಾದ ಗುಣ ತಿಳಿಯುತ್ತದೆ. ಕೈಯಿಂದ ತಿರುಗಿಸುವ ಯಂತ್ರ ಬಲಗೈಯನ್ನು ಕಟ್ಟಿಹಾಕುತ್ತದೆ. ಕಾಲಿನ ಯಂತ್ರ ಎರಡು ಕೈಗಳನ್ನೂ ಬಟ್ಟೆಗೆ ಬಿಟ್ಟುಕೊಡುತ್ತದೆ. ತೋಳಿನ ಸುತ್ತು, ಕೊರಳಿನ ತಿರುವು, ರವಿಕೆಯ ಮಡಿಕೆ ಎಲ್ಲವೂ ಆ ಎರಡು ಕೈಗಳ ಸ್ವಾತಂತ್ರ್ಯದಿಂದ ಸಾಧ್ಯ. ವಿದ್ಯುತ್ತು ಹೋದಾಗಲೂ ಇದಕ್ಕೆ ಬೇಕಾದದ್ದು ಕಿಟಕಿಯ ಬೆಳಕೊಂದೇ.

ಭಾರತದಲ್ಲಿ ಈ ಯಂತ್ರ ಬೇರೂರಿದ್ದೂ ಆಶ್ಚರ್ಯದ ಕಥೆಯೇ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ನಸರ್ವಾನ್‌ಜಿ ಮೆರ್ವಾನ್‌ಜಿ ಪಟೇಲ್ ಎಂಬ ಪಾರ್ಸಿ ಮಹನೀಯರು ಸಿಂಗರ್ ಕಂಪನಿಯ ಪ್ರತಿನಿಧಿಯಾಗಿ ಇಲ್ಲಿನ ವ್ಯಾಪಾರವನ್ನು ಬೆಳೆಸಿದರು. ಸೀರೆಗೆ, ಪಂಚೆಗೆ, ಪೇಟಕ್ಕೆ ಸೂಜಿಯ ಹಂಗಿಲ್ಲದ ದೇಶದಲ್ಲಿ ಹೊಲಿಗೆ ಯಂತ್ರವನ್ನು ಮಾರುವುದು ಸುಲಭವಾಗಿರಲಿಲ್ಲ. ಅದನ್ನು ಮೊದಲು ಅಪ್ಪಿಕೊಂಡವರಲ್ಲಿ ದರ್ಜಿಗಳು ಮುಖ್ಯರು, ಬರಬರುತ್ತ ಗೃಹಿಣಿಯರು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಎಂಬ ದೇಶೀ ಯಂತ್ರವನ್ನು ತಯಾರಿಸತೊಡಗಿತು.

ಯಂತ್ರಗಳ ವಿಷಯದಲ್ಲಿ ಕಠೋರವಾಗಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ನಡೆದ ಸಂಭಾಷಣೆಯೊಂದರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದನೆಂಬುದು ಅವರ ನಂಬಿಕೆಯಾಗಿತ್ತು. ಚರಿತ್ರೆಯ ಸಿಂಗರ್ ಅಂಥ ಆದರ್ಶ ಪತಿಯೇನೂ ಆಗಿರಲಿಲ್ಲ. ಆತನ ಸಂಸಾರಗಳು ಒಂದಕ್ಕಿಂತ ಹೆಚ್ಚಾಗಿದ್ದವು, ಕಣ್ಣು ಲಾಭದ ಮೇಲಿತ್ತು. ಆದರೂ ಯಂತ್ರವನ್ನು ಅಳೆಯಲು ಗಾಂಧೀಜಿ ಹಿಡಿದ ಅಳತೆಗೋಲು ಸುಳ್ಳಾಗಲಿಲ್ಲ. ದುಡಿಯುವ ವ್ಯಕ್ತಿಯ ಕೈಯನ್ನು ಕಸಿಯದೆ ಅದರ ಬಳಲಿಕೆಯನ್ನಷ್ಟೇ ಕಳೆಯುವ ಯಂತ್ರ ಒಳ್ಳೆಯದು. ಗಂಡನನ್ನು ಕಳೆದುಕೊಂಡ ಎಷ್ಟೋ ತಾಯಂದಿರು ನೆರೆಹೊರೆಯ ರವಿಕೆಗಳನ್ನು ಹೊಲಿದು ಮಕ್ಕಳ ಶಾಲೆಯ ಫೀಜು ಕಟ್ಟಿದ್ದು, ಯಾರ ಮುಂದೆಯೂ ಕೈಯೊಡ್ಡದೆ ಸಂಸಾರ ಸಾಗಿಸಿದ್ದು ಇಂಥ ಯಂತ್ರಗಳ ಮುಂದೆ ಕುಳಿತೇ ಅಲ್ಲವೇ?

ಕ್ಲೈಡ್‌ಬ್ಯಾಂಕಿನ ಕಾರ್ಖಾನೆ 1980ರಲ್ಲಿ ಬಾಗಿಲು ಮುಚ್ಚಿತು. ಅದರ ಹೆಸರನ್ನು ಹೊತ್ತ ರೈಲು ನಿಲ್ದಾಣ ಮಾತ್ರ ಅಲ್ಲಿ ಉಳಿದಿದೆ. ನ್ಯೂ ಫ್ಯಾಮಿಲಿಯ ಶಟಲನ್ನು ಆ ಕಾರ್ಖಾನೆ ಇನ್ನು ಎರಕ ಹೊಯ್ದು ಕೊಡುವುದಿಲ್ಲ. ಆದುದರಿಂದ ಏನು ಮಾಡಿದರೂ ಏಳಲಾರದ ಯಂತ್ರವೊಂದು ಸಿಕ್ಕಿದರೂ ಅದನ್ನು ತೂಕಕ್ಕೆ ಹಾಕಬಾರದು. ಅದರ ತಿರುಪು, ತಟ್ಟೆ, ಶಟಲುಗಳು ಇನ್ನೊಂದಕ್ಕೆ ಜೀವದಾನ ಮಾಡಬಲ್ಲವು. ಎದ್ದು ನಿಂತ ಯಂತ್ರಕ್ಕಾದರೋ ಬೇಕಾದದ್ದು ಗಾಜಿನ ಪೆಟ್ಟಿಗೆಯಲ್ಲ, ಕೆಲಸ. ವಾರಕ್ಕೊಮ್ಮೆ ಒಂದು ದಿಂಬಿನ ಚೀಲ, ತಿಂಗಳಿಗೊಮ್ಮೆ ಎರಡು ತೊಟ್ಟು ಎಣ್ಣೆ, ಮನೆಯ ಮಕ್ಕಳಲ್ಲಿ ಒಬ್ಬರಿಗಾದರೂ ತುಳಿಯುವ ಪಾಠ, ಇಷ್ಟು ಸಿಕ್ಕಿದರೆ ಅದು ಕೊಂಡವರ ಮೊಮ್ಮಕ್ಕಳ ಕಾಲಕ್ಕೂ ಹೊಲಿಯುತ್ತದೆ.